ಸೂಜಿಯೊಳಗಿನ ನೀರು

ಇಪ್ಪತ್ತಾರು ತುಂಬುವ ಹೊತ್ತಿಗೆ ಮುನಿಶಾಮಮ್ಮನ ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಬಿಂದಿಗೆ ನೀರು ಕುಡಿದರೂ ದಾಹ, ಎರಡು ಮುದ್ದೆ ಉಂಡರೂ ಹಸಿವು. ಬಚ್ಚಲಲ್ಲಿ ಅವಳ ಉಚ್ಚೆಗೆ ಇರುವೆ ಸಾಲುಗಟ್ಟಿದ್ದನ್ನು ಕಂಡ ಅತ್ತೆ, "ಈ ಶನಿ ನನ್ನ ಮನೇಲಿ ಸಾಯೋದು ಬೇಡ," ಎಂದು ತಾಯಲೂರಿನಿಂದ ಗಾಡಿ ಹತ್ತಿಸಿದಳು. ಸುಗಟೂರಿನ ಅಣ್ಣ ಮೂರು ದಿನ ಇಟ್ಟುಕೊಂಡು, ಕೋಲಾರದ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂರಿಸಿ, ತಿರುಗಿ ನೋಡದೆ ಹೋದ. ಅದು ಸಾವಿರದ ಒಂಬೈನೂರ ಮೂವತ್ತೊಂಬತ್ತು.

ಆ ಆಸ್ಪತ್ರೆಯಲ್ಲಿ ಮೆಡಿಕಲ್ ಕಾಲೇಜಿನವರು ಗ್ರಂಥಿರೋಗಗಳಿಗೆಂದೇ ಒಂದು ವಾರ್ಡು ತೆರೆದಿದ್ದರು. ಸಿಹಿಮೂತ್ರದವರಿಗೆ ದಿನಕ್ಕೆರಡು ಸಲ ಇನ್ಸುಲಿನ್ ಸೂಜಿ ಹಾಕುತ್ತಿದ್ದರು. ಅವಳು ಬದುಕಿಕೊಂಡಳು. ಹೋಗಲು ಮನೆಯಿಲ್ಲದ್ದರಿಂದ ಅಲ್ಲೇ ಬಟ್ಟೆ ಒಗೆಯುತ್ತ ಉಳಿದಳು. ಜವಾನ ಕದಿರಪ್ಪನ ಪಕ್ಕದಲ್ಲಿ ಕೂತು ಮೂತ್ರ ಪರೀಕ್ಷೆಯನ್ನೂ ಕಲಿತಳು. ನೀಲಿ ಔಷಧಿಗೆ ಎಂಟು ಹನಿ ಹಾಕಿ ಕುದಿಸಿದಾಗ ನೀಲಿಯಾಗೇ ಉಳಿದರೆ ಕ್ಷೇಮ. ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಸಕ್ಕರೆ ಏರಿದೆ ಎಂದರ್ಥ.

ವಾರ್ಡಿನ ಯಜಮಾನ ಡಾಕ್ಟರ್ ಸುಬ್ಬರಾಯಪ್ಪ. ರೋಗಿಯ ಮುಖ ನೋಡಿ ಮಾತಾಡಿದವನಲ್ಲ. ವಿದ್ಯಾರ್ಥಿಗಳ ಮುಂದೆ ಅವಳ ಸೀರೆ ಸರಿಸಿ ಪಕ್ಕೆಲುಬು ಎಣಿಸಿ ತೋರಿಸುತ್ತಿದ್ದ. ಅವಳು ಹಲ್ಲು ಕಚ್ಚಿ ನಿಲ್ಲುತ್ತಿದ್ದಳು. ಸೂಜಿ ಅವನ ಕೈಯಲ್ಲಿತ್ತು.

ನಲವತ್ತೆರಡರಲ್ಲಿ ಯುದ್ಧದಿಂದಾಗಿ ಹಡಗುಗಳು ನಿಂತವು, ಇನ್ಸುಲಿನ್ ಬರುವುದು ಅಪರೂಪವಾಯಿತು. ಒಂದು ಸೋಮವಾರದಿಂದ ಆರು ಜನ ರೋಗಿಗಳಿಗೆ ಸೂಜಿಯ ಜೊತೆ ಯಾವುದೋ ಎಲೆಯ ಪುಡಿಯನ್ನೂ ಕೊಡತೊಡಗಿದರು. ಬುಧವಾರದ ಹೊತ್ತಿಗೆ ಮುನಿಶಾಮಮ್ಮನಿಗೆ ಹಳೆಯ ದಾಹ ಮರಳಿತು. ಎದುರು ಸಾಲಿನಲ್ಲಿ ಮಾಲೂರಿನ ಗಂಗುಲಪ್ಪ, ಹೆಂಚಿನ ಕೆಲಸದವನು, ವಾಂತಿ ಮಾಡುತ್ತ ಮಲಗಿದ್ದ. ಅವಳು ತನ್ನದನ್ನೂ ಅವನದನ್ನೂ ಕುದಿಸಿ ನೋಡಿದಳು. ಎರಡೂ ಇಟ್ಟಿಗೆ ಕೆಂಪು.

"ಕದ್ದು ಬೆಲ್ಲ ತಿಂದಿದೀಯ," ಎಂದ ಡಾಕ್ಟರ್.

ಗುರುವಾರ ಬೆಳಗಿನಿಂದ ಅವಳು ವರಾಂಡದಲ್ಲಿ ಎಲ್ಲರ ಕಣ್ಣೆದುರು ಕೂತಳು. ನರ್ಸು ಕೈಯಾರೆ ಕೊಟ್ಟದ್ದನ್ನು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಸಂಜೆ ಮತ್ತೆ ಕೆಂಪು. ಶುಕ್ರವಾರ ಹಿರಿಯ ಪ್ರೊಫೆಸರು ವಿದ್ಯಾರ್ಥಿಗಳೊಂದಿಗೆ ಬಂದಾಗ ಗೋಡೆ ಹಿಡಿದು ನಡೆದು, ಬಿಸಿ ಆರದ ಗಾಜಿನ ನಳಿಗೆಯನ್ನು ಸುಬ್ಬರಾಯಪ್ಪನ ಮುಖಕ್ಕೆ ಹಿಡಿದಳು.

"ನನ್ ಸೂಜೀಲಿ ಏನೈತೆ ಹೇಳ್ರಿ."

"ಹೋಗಿ ಮಲಗು."

"ನೀರು ತಾನೇ? ಬರೀ ನೀರು!"

ಪ್ರೊಫೆಸರು ಸುಬ್ಬರಾಯಪ್ಪನ ಕಡೆ ತಿರುಗಿದರು. ಅವನು ತಡವರಿಸಲಿಲ್ಲ. "ಔಷಧಿ ಮುಗೀತಾ ಬಂದಿದೆ ಸಾರ್. ಎಲೆ ಕೆಲಸ ಮಾಡುತ್ತೋ ಇಲ್ವೋ ತಿಳೀಬೇಕು. ಹೇಳಿದ್ರೆ ಇವರು ಒಪ್ತಿದ್ರಾ?"

"ಕೇಳಿದ್ರೇನು ನೀವು?" ಎಂದಳು ಮುನಿಶಾಮಮ್ಮ. ಮತ್ತೇನೋ ಹೇಳಲು ಬಾಯಿ ತೆರೆದವಳು ಅಲ್ಲೇ ಕುಸಿದಳು.

ಆರು ಜನಕ್ಕೂ ಆ ಕ್ಷಣವೇ ನಿಜವಾದ ಇನ್ಸುಲಿನ್ ಹಾಕಿಸಿದರು ಪ್ರೊಫೆಸರು. ಅವಳಿಗೆ ಮರುದಿನ ಎಚ್ಚರವಾಯಿತು. ಗಂಗುಲಪ್ಪನಿಗೆ ಆಗಲಿಲ್ಲ. ಅವನ ಸಾವಿನ ಕಾಗದದಲ್ಲಿ, ಮನೆಯಿಂದ ಬಂದ ಸಿಹಿ ತಿಂದು ಸತ್ತ ಎಂದು ಬರೆದಿತ್ತು. ಸುಬ್ಬರಾಯಪ್ಪನಿಗೆ ವರ್ಗವೂ ಆಗಲಿಲ್ಲ. ಆ ಎಲೆಯ ಬಗ್ಗೆ ಅವನ ಲೇಖನ ಅಚ್ಚಾದಾಗ ಅದರಲ್ಲಿ ನಾಲ್ಕೇ ರೋಗಿಗಳಿದ್ದರು ಎಂದು ಕದಿರಪ್ಪ ಕೇಳಿಸಿಕೊಂಡು ಬಂದು ಹೇಳಿದ. ಸತ್ತವನನ್ನೂ ಜಗಳವಾಡಿದವಳನ್ನೂ ಲೆಕ್ಕದಿಂದ ತೆಗೆದಿದ್ದ. ಆ ಮಾತು ಕೇಳಿದ ದಿನ ಅವಳು ಒಗೆಯುತ್ತಿದ್ದ ಹೊದಿಕೆಯನ್ನು ಕಲ್ಲಿಗೆ ಬಡಿದು ಬಡಿದು ಹರಿದೇ ಹಾಕಿದಳು.

ಮರುವರ್ಷ ಮಾಲೂರಿಗೆ ಹೋಗಿ ಗಂಗುಲಪ್ಪನ ಹೆಂಡತಿ ದೊಡ್ಡಮುನಿಯಮ್ಮನನ್ನು ಹುಡುಕಿದಳು. ಆಕೆ ಹೆಂಚು ಸುಡುವ ಗೂಡಿನ ಬಳಿ ಮಣ್ಣು ತುಳಿಯುತ್ತಿದ್ದಳು. ಮುನಿಶಾಮಮ್ಮ ನಡೆದದ್ದನ್ನೆಲ್ಲ ಹೇಳಿದಳು.

ಆಕೆ ತುಳಿಯುವುದನ್ನು ಬಿಟ್ಟು ಕೆಸರಿನ ಕಾಲಲ್ಲೇ ನಿಂತಳು. "ಒಬ್ಬಟ್ಟು ತಗೊಂಡ್ ಹೋಗಿದ್ದೆ ನಾನು," ಎಂದಳು. "ಅರ್ಧ ತಿಂದಿದ್ರು. ನಾನೇ ಕೊಂದೆ ಅಂತ ವರ್ಷದಿಂದ ಅನ್ನ ಸೇರ್ತಿಲ್ಲ ನಂಗೆ."

"ಅದರಿಂದ ಸತ್ತಿದ್ದಲ್ಲ ಕಣಕ್ಕ."

"ಗೊತ್ತಾಯ್ತು." ಆಕೆಯ ದನಿ ಏರಿತು. "ನಿಂಗೆ ಬುಧವಾರನೇ ಗೊತ್ತಿತ್ತಲ್ಲ? ಎರಡು ದಿನ ಏನ್ ಮಾಡ್ತಿದ್ದೆ? ನಮ್ಮೋರ ಪರವಾಗಿ ಅವತ್ತೇ ಕಿರುಚಿದ್ರೆ ನಿನ್ನ ಗಂಟ್ಲು ಹರಿದುಹೋಗ್ತಿತ್ತಾ?"

"ಯಾರೂ ನಂಬ್ತಿರ್ಲಿಲ್ಲ..."

"ನಿನ್ನ ಜೀವ ಉಳೀತು. ಅದನ್ನ ತೋರ್ಸಕ್ಕೆ ಬಂದ್ಯಾ? ಹೋಗು, ಎದ್ದು ಹೋಗು!"

ಹಿಡಿ ಮಣ್ಣು ಬಂದು ಮುನಿಶಾಮಮ್ಮನ ಸೆರಗಿಗೆ ಬಿತ್ತು. ಅವಳು ಕೊಡವಲಿಲ್ಲ. ಬಸ್ಸಿನಲ್ಲಿ ಕೂತಾಗ ಡಾಕ್ಟರನ ಮೇಲಿದ್ದ ಸಿಟ್ಟು ಹಾಗೇ ಇತ್ತು. ಆದರೆ ಬುಧವಾರ, ಗುರುವಾರ ಎಂದು ಮನಸ್ಸು ಮತ್ತೆ ಮತ್ತೆ ಎಣಿಸತೊಡಗಿತ್ತು. ವಾಪಸು ಬಂದವಳು ಸಂಜೆಯ ಸರದಿಯಲ್ಲಿ ಸೂಜಿಗಾಗಿ ಸುಬ್ಬರಾಯಪ್ಪನ ಮುಂದೆಯೇ ತೋಳು ಚಾಚಬೇಕಾಯಿತು. ಅವನೂ ನೋಡಲಿಲ್ಲ, ಅವಳೂ ನೋಡಲಿಲ್ಲ.