ಕೀಬೋರ್ಡಿಗೆ ಕಪ್ಪು ಬಟ್ಟೆ ಹೊದಿಸಿದ ಶುಕ್ರವಾರ

ಗುಡ್ ಫ್ರೈಡೇ ದಿನ ನನ್ನ ಕೀಬೋರ್ಡಿಗೆ ಕಪ್ಪು ಬಟ್ಟೆ ಹೊದಿಸುತ್ತಾರೆ. ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ದಿನ ವಾದ್ಯ ನುಡಿಸಬಾರದು ಎಂಬುದು ಆರ್.ಟಿ. ನಗರದ ನಮ್ಮ ಕನ್ನಡ ಚರ್ಚಿನ ಹಳೆಯ ಪದ್ಧತಿ. ಅವತ್ತು ಗಂಟೆಯೂ ಇಲ್ಲ, ಕೀಬೋರ್ಡೂ ಇಲ್ಲ. ಬರೀ ಬಾಯಿ.

ಪ್ರತಿ ವರ್ಷ ಆ ದಿನ ನಾನು ಹಿಂದಿನ ಕೋಣೆಯಲ್ಲಿ ಲೈವ್ ಸ್ಟ್ರೀಮ್ ನೋಡಿಕೊಳ್ಳುತ್ತಿದ್ದೆ (ಕಿವಿಗೆ ಹೆಡ್‌ಫೋನ್, ಅದರಲ್ಲಿ ಪಾದ್ರಿಯ ಪ್ರಸಂಗದ ಮೈಕ್ ಮಾತ್ರ). ಈ ವರ್ಷ ಆ ಕೆಲಸಕ್ಕೆ ಬೇರೆಯವರು ಸಿಕ್ಕರು. ಮೊದಲ ಸಲ ಜನರ ನಡುವೆ, ಬೆಂಚಿನಲ್ಲಿ ಕೂತೆ.

ಅವತ್ತು ಹಾಡು ಎತ್ತಿಕೊಡುವವರು ಶಾಂತಮ್ಮ ಆಂಟಿ. ನಿವೃತ್ತ ನರ್ಸ್. ಸಂಗೀತ ಕಲಿತವರಲ್ಲ, ಹಾಗಂತ ಸಂಕೋಚವೂ ಇಲ್ಲ. ಎದ್ದರು, ಸೆರಗು ಸರಿಮಾಡಿಕೊಂಡರು, ಕೆಮ್ಮಿದರು, ಶುರು ಮಾಡಿದರು. ಯಾವ ಶ್ರುತಿ? ಮೊಬೈಲಿನಲ್ಲಿ ಟ್ಯೂನರ್ ಆ್ಯಪ್ ತೆಗೆದು ನೋಡಿದೆ. (ಹೌದು, ಆರಾಧನೆಯ ನಡುವೆ. ಬೈಯಬೇಡಿ.) ನನ್ನ ಕೀಬೋರ್ಡಿನ ಯಾವ ಮನೆಗೂ ಸೇರದ ಶ್ರುತಿ. ಎರಡು ಮನೆಗಳ ನಡುವಿನ ಕಾಂಪೌಂಡಿನ ಮೇಲೆ ನಿಂತಿತ್ತು.

ಆಮೇಲೆ ಇಡೀ ಸಭೆ ಹಾಡಿತು. ಹಾಡಿತು ಎಂದರೆ, ಕಿಟಕಿಯ ಗಾಜು ಅದುರುವ ಹಾಗೆ. ಪಕ್ಕದ ಗಲ್ಲಿಯಲ್ಲಿ ಶುಕ್ರವಾರದ ನಮಾಜ್ ಮುಗಿಸಿ ಸ್ಕೂಟರ್ ತೆಗೆಯುತ್ತಿದ್ದವರೂ ತಿರುಗಿ ನೋಡಿದರು.

ನಾನು ಡೈರಿ ಬರೆಯುವವಳು. ಪ್ರತಿ ಭಾನುವಾರ ತಾರೀಖು ಹಾಕಿ, ಯಾವ ಗೀತೆ, ಯಾವ ಶ್ರುತಿ, ಸಭೆ ಎಷ್ಟು ಬಾಯಿಬಿಟ್ಟು ಹಾಡಿತು ಎಂದು ಐದಕ್ಕೆ ಅಂಕ ಕೊಡುತ್ತೇನೆ. ನಾನು ನುಡಿಸಿದ ದಿನಗಳ ಅಂಕ: ಎರಡು, ಮೂರು, ಮತ್ತೆ ಎರಡು. ಕ್ರಿಸ್‌ಮಸ್ಸಿಗೆ ಒಮ್ಮೆ ನಾಲ್ಕು (ಕೇಕಿನ ಪ್ರಭಾವ). ಐದು ಎಂದೂ ಇಲ್ಲ.

ಅವತ್ತು ಐದು. ನಾನು ನುಡಿಸದ ದಿನ!

ಹೊಟ್ಟೆ ಉರಿಯಿತು. ಪಿಯಾನೋ ಪರೀಕ್ಷೆಗಳಿಗಾಗಿ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಹರೆಯ ಕಳೆದವಳು ನಾನು. ಐದು ಗಿಟ್ಟಿಸಿಕೊಂಡವರು ಯಾರು? ಕೆಮ್ಮಿ ಶುರು ಮಾಡಿದ ಶಾಂತಮ್ಮ ಆಂಟಿ.

ಆರಾಧನೆಯ ನಂತರ ಉಪವಾಸದವರಿಗೆ ಗಂಜಿ. ಸಾಲಿನಲ್ಲಿ ಆಂಟಿ ನನ್ನ ಮುಂದೆಯೇ ಇದ್ದರು.

"ಹೆಂಗಿತ್ತೇ ನಮ್ ಹಾಡು?"

"ಚೆನ್ನಾಗಿತ್ತು ಆಂಟಿ. ಸ್ವಲ್ಪ ಎಳೆದ್ರಿ, ಅಷ್ಟೇ."

"ಎಳೆದ್ವಾ? ಭಾನುವಾರ ನಿನ್ ಹಿಂದೆ ಹಾಡೋದು ಅಂದ್ರೆ ಹೊರಟ ಬಸ್ ಹಿಡ್ದಂಗೆ ಕಣಮ್ಮ. ನಾವು ಮೆಟ್ಲು ಹತ್ತೋಷ್ಟ್ರಲ್ಲಿ ನೀನು ಮೇಖ್ರಿ ಸರ್ಕಲ್ ದಾಟಿರ್ತೀಯ!"

ಸಾಲಿಗೆ ಸಾಲೇ ನಕ್ಕಿತು. ಗಂಜಿ ಬಡಿಸುತ್ತಿದ್ದ ಸಭಾಪಾಲಕರೂ (ನಮ್ಮ ಪಾದ್ರಿ) ನಕ್ಕರು. ನಕ್ಕು ಸುಮ್ಮನಿದ್ದರೆ ಸಾಕಿತ್ತು.

"ಈಸ್ಟರ್‌ಗೂ ಹಿಂಗೇ ಹಾಡ್ಬಿಡೋಣ್ವಾ? ಕೀಬೋರ್ಡ್ ಇಲ್ದೆ?"

ತಮಾಷೆಯೋ, ನಿಜವೋ? ಸೌಟು ಹಿಡಿದವರ ಮುಖ ನೋಡಿ ಹೇಳುವುದು ಕಷ್ಟ. ಈಸ್ಟರ್ ಎಂದರೆ ವರ್ಷದಲ್ಲೇ ನನ್ನ ದೊಡ್ಡ ದಿನ. ಅದೂ ಹೋದರೆ ನನಗೆ ಉಳಿಯುವುದೇನು?

"ಇಲ್ಲ ಸರ್, ನಾನೇ ನುಡಿಸ್ತೀನಿ" ಎಂದೆ.

ಶನಿವಾರ ಲೈವ್ ಸ್ಟ್ರೀಮಿನ ರೆಕಾರ್ಡಿಂಗ್ ಹಾಕಿಕೊಂಡು ಕೂತೆ. ಭಕ್ತಿಯಿಂದಲ್ಲ, ತಪ್ಪು ಹುಡುಕಲು. ಸಿಕ್ಕಿತು! ಪ್ರತಿ ಸಾಲಿನ ಕೊನೆಯಲ್ಲಿ ಸಭೆ ನಿಂತುಬಿಡುತ್ತದೆ. ಸ್ವರಲಿಪಿಯಲ್ಲಿ ಆ ನಿಲುಗಡೆಯೇ ಇಲ್ಲ. ಆದರೆ ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ, ಒಟ್ಟಿಗೆ ಹೊರಡುತ್ತಾರೆ. ಇಷ್ಟು ಜನ ಒಂದು ತಪ್ಪನ್ನು ಇಷ್ಟು ಅಚ್ಚುಕಟ್ಟಾಗಿ ಮಾಡಲು ಸಾಧ್ಯವೇ?

ಆಗ ನನ್ನಜ್ಜಿ ಹೇಳುತ್ತಿದ್ದದ್ದು ನೆನಪಾಯಿತು. ಅವರ ತಾಯಿಯ ಕಾಲದಲ್ಲಿ ಹಾಡಿನ ಪುಸ್ತಕ ಇರುತ್ತಿದ್ದದ್ದು ಒಂದೇ, ಅದೂ ಬೋಧಿಸುವ ಉಪದೇಶಿಯ ಕೈಯಲ್ಲಿ. ಓದಲು ಬರುತ್ತಿದ್ದವರೂ ಕಮ್ಮಿ. ಉಪದೇಶಿ ಒಂದು ಸಾಲು ಹೇಳಿಕೊಡುವುದು, ಜನ ಹಾಡಿ ನಿಲ್ಲುವುದು, ಮುಂದಿನ ಸಾಲಿಗೆ ಕಾಯುವುದು. ರಾಗ ಮಿಷನರಿಗಳ ಜೊತೆ ಹಡಗಿನಲ್ಲಿ ಬಂದದ್ದು. ಆ ಕಾಯುವಿಕೆ ಮಾತ್ರ ನಮ್ಮವರದ್ದು.

ಈಗ ಎಲ್ಲರ ಮೊಬೈಲಿನಲ್ಲೂ ಗೀತೆಗಳಿವೆ. ಆದರೂ ಕಾಯುತ್ತಾರೆ. ಉಪದೇಶಿ ಸತ್ತು ಎಷ್ಟು ತಲೆಮಾರಾಯಿತೋ, ಸಾಲಿನ ಕೊನೆಯಲ್ಲಿ ಅವನಿಗೆ ಇನ್ನೂ ಜಾಗ ಬಿಟ್ಟಿದ್ದಾರೆ. ನಂಬಿಕೆ ಎಂದರೆ ಇದೇ ಇರಬಹುದೇ? ಆ ಜಾಗಕ್ಕೇ ನಾನು ಪ್ರತಿ ಭಾನುವಾರ ನುಗ್ಗುತ್ತಿದ್ದೆ. (ಈಗ ಉಪದೇಶಿಯ ಮೇಲೂ ಹೊಟ್ಟೆಕಿಚ್ಚು. ನನಗಾಗಿ ಯಾರಾದರೂ ಹೀಗೆ ಕಾದಿದ್ದಾರೆಯೇ?)

ಈಸ್ಟರ್ ಬೆಳಿಗ್ಗೆ ಬಟ್ಟೆ ತೆಗೆದರು. ಸಭಾಪಾಲಕರು ಏನೂ ಹೇಳುವ ಮೊದಲೇ ಹೋಗಿ ಕೂತುಬಿಟ್ಟೆ. ಮೊದಲ ಸಾಲು ಮುಗಿಯಿತು. ಬೆರಳು ತಡೆದೆ. ಕಾದೆ. ಅರ್ಧ ಸಭೆ ಅಭ್ಯಾಸಬಲದಿಂದ ಓಡಿಬಂದು ಮುಗ್ಗರಿಸಿತು. ಶಾಂತಮ್ಮ ಆಂಟಿ ಕತ್ತು ಚಾಚಿ ನನ್ನನ್ನು ನೋಡಿದರು. ಎರಡನೇ ಚರಣದಲ್ಲಿ ಜನಕ್ಕೆ ಧೈರ್ಯ ಬಂತು. ಮೂರನೆಯದರಲ್ಲಿ ಗಾಜು ಅದುರಿತು.

ಐದು! ಆದರೆ ನನ್ನದೇ ಐದೇ? ಪರೀಕ್ಷಿಸಬೇಕಲ್ಲ. ಕೊನೆಯ ಚರಣಕ್ಕೆ ಎರಡೂ ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡೆ. ಒಂದೇ ಒಂದು ಸ್ವರ ಒತ್ತಲಿಲ್ಲ.

ಹಾಡು ನಿಲ್ಲಲಿಲ್ಲ. ಒಬ್ಬರೂ ತಿರುಗಿ ನೋಡಲಿಲ್ಲ.

ಮುಗಿದ ಮೇಲೆ ಸಭಾಪಾಲಕರು "ಇನ್ಮೇಲೆ ಹಿಂಗೇ ನುಡಿಸಮ್ಮ" ಎಂದರು. ಶಾಂತಮ್ಮ ಆಂಟಿ ನೇರ ಬಂದು ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು.

"ಇವತ್ತು ನುಡಿಸ್ದೆ ನೋಡು ಕಣಮ್ಮ! ಅದ್ರಲ್ಲೂ ಆ ಕೊನೇ ಚರಣ... ಎಷ್ಟು ಚೆನ್ನಾಗಿ ನುಡಿಸ್ದೆ!"

"ಥ್ಯಾಂಕ್ಸ್ ಆಂಟಿ" ಎಂದೆ.

ಡೈರಿಯಲ್ಲಿ ಐದಕ್ಕೆ ಐದು ಹಾಕಿದ್ದೇನೆ. ಈಗ ನೀವೇ ಹೇಳಿ, ಆ ಚರಣ ನುಡಿಸಿದವಳ ಮೇಲೆ ನಾನು ಹೊಟ್ಟೆಕಿಚ್ಚು ಪಡುವುದು ಹೇಗೆ?