ನಾನು ಬರೆದ ವಯಸ್ಸು

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಕೆಲವು ವರ್ಷ ಫಾರಂ ತುಂಬುವ ಕೆಲಸ ಮಾಡಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕಿನ ಹಳ್ಳಿಗಳಲ್ಲಿ ನಲವತ್ತು ದಾಟಿದ ಹೆಂಗಸರ ಮನೆಗೆ ಹೋಗಿ, ಸ್ತನ ಕ್ಯಾನ್ಸರಿನ ಬಗ್ಗೆ ಅವರಿಗೇನು ಗೊತ್ತು, ಯಾವಾಗಲಾದರೂ ಪರೀಕ್ಷೆ ಮಾಡಿಸಿಕೊಂಡಿದ್ದಾರೆಯೇ ಎಂದು ಕೇಳಿ ಬರೆದುಕೊಳ್ಳಬೇಕು. ಮೇಲಿನವರು ಅದನ್ನು ಸಂಶೋಧನೆ ಎನ್ನುತ್ತಿದ್ದರು. ನಮ್ಮ ಮಟ್ಟಿಗೆ ಅದು ಬಿಸಿಲು, ಬೀದಿನಾಯಿ ಮತ್ತು ಸಮಯಕ್ಕೆ ಬಾರದ ಬಸ್ಸು.

ಫಾರಂ ಹನ್ನೊಂದು ಪುಟದ್ದು. ಮೊದಲ ಪುಟದಲ್ಲೇ ವಯಸ್ಸಿನ ಕಾಲಂ. ಎಪ್ಪತ್ತರ ಒಳಗಿದ್ದರೆ ಉಳಿದ ಹತ್ತು ಪುಟವನ್ನೂ ಕೇಳಬೇಕು, ಅವರ ಹೆಸರು ಶಿಬಿರದ ಪಟ್ಟಿಗೆ ಸೇರುತ್ತದೆ, ಶಿಬಿರದಲ್ಲಿ ಡಾಕ್ಟರಮ್ಮ ಪರೀಕ್ಷೆ ಮಾಡುತ್ತಾರೆ. ಎಪ್ಪತ್ತು ದಾಟಿದ್ದರೆ ಒಂದು ಅಡ್ಡಗೆರೆ ಎಳೆದು, ಹೆಬ್ಬೆಟ್ಟು ಒತ್ತಿಸಿಕೊಂಡು ಎದ್ದು ಬರಬಹುದು. ಅವರ ಹೆಸರೂ ಪಟ್ಟಿಯಲ್ಲಿರುತ್ತದೆ, ಎದುರಿಗೆ ‘ಬೇಡ’ ಎಂದಿರುತ್ತದೆ. ಎಪ್ಪತ್ತೇ ಯಾಕೆ ಎಂದು ಒಮ್ಮೆ ನಮ್ಮ ಮೇಲ್ವಿಚಾರಕರನ್ನು ಕೇಳಿದ್ದೆ. “ಎಲ್ಲೋ ಒಂದ್ಕಡೆ ನಿಲ್ಲಿಸ್ಬೇಕಲ್ಲಮ್ಮ” ಅಂದರು.

ನಮ್ಮ ಕಡೆ ವಯಸ್ಸಾದ ಹೆಂಗಸರಿಗೆ ಎರಡು ವಯಸ್ಸು. ಒಂದು ಇರುವ ವಯಸ್ಸು, ಇನ್ನೊಂದು ಕಾಗದ ಹಿಡಿದು ಬಂದವರಿಗೆ ಹೇಳುವ ವಯಸ್ಸು. ಪೆನ್ನು ಹಿಡಿದು ಜಗಲಿ ಹತ್ತಿದವರೆಲ್ಲ ವೃದ್ಧಾಪ್ಯ ಪಿಂಚಣಿಯವರು ಎಂದೇ ಅವರ ನಂಬಿಕೆ, ಹಾಗಾಗಿ ಹತ್ತು ವರ್ಷ ಸೇರಿಸಿಯೇ ಹೇಳುತ್ತಿದ್ದರು. ಇದು ತರಬೇತಿ ಕೊಟ್ಟವರಿಗೂ ಗೊತ್ತಿತ್ತು. ಮದುವೆ ಎಷ್ಟನೇ ವಯಸ್ಸಿಗಾಯಿತು, ದೊಡ್ಡ ಮಗ ಯಾವಾಗ ಹುಟ್ಟಿದ, ಅವನಿಗೀಗ ಎಷ್ಟು ಎಂದು ಕೇಳಿ ಕೂಡಿಸಿ ನೋಡಿ, ಬಾಯಲ್ಲಿ ಬಂದದ್ದನ್ನು ಹಾಗೇ ಬರೆಯಬೇಡಿ ಎಂದು ಹೇಳಿಕೊಟ್ಟಿದ್ದರು.

ತಾಯಲೂರಿನ ಕಡೆಯ ಒಂದು ಹಳ್ಳಿ. ಬೆಳಗಿನಿಂದ ಅದು ನನ್ನ ಐದನೆಯ ಮನೆ. ಜಗಲಿಯ ಮೇಲೆ ಒಬ್ಬ ಅಜ್ಜಿ ರೇಷ್ಮೆಹುಳಕ್ಕೆ ಹಾಕಲು ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚುತ್ತಿದ್ದರು. “ರಾ ಅಮ್ಮಾ, ಕೂರ್ಚೋ” ಎಂದು ತೆಲುಗಿನಲ್ಲಿ ಕರೆದು ಕೂರಿಸಿ, ನಾನು ಕನ್ನಡದಲ್ಲಿ ಮಾತು ತೆಗೆದ ಮೇಲೆ ತಾವೂ ಕನ್ನಡಕ್ಕೆ ಬಂದರು.

“ವಯಸ್ಸೆಷ್ಟಜ್ಜಿ?”

“ಎಪ್ಪತ್ತೆರಡು ಬರ್ಕೊಳಮ್ಮ.”

“ಇದು ಪಿಂಚಣಿದಲ್ಲ ಅಜ್ಜಿ, ಆರೋಗ್ಯದ್ದು.”

“ಯಾವ್ದಾದ್ರೂ ಆಗ್ಲಿ ಬಿಡು. ಎಲ್ಲಾ ಕಾಗ್ದಾನೂ ಒಂದೇ ಆಫೀಸಿಗೆ ತಾನೆ ಹೋಗೋದು?”

ಕೈ ಮಾತ್ರ ನಿಲ್ಲಲಿಲ್ಲ, ಸೊಪ್ಪು ಒಂದೇ ಅಳತೆಯಲ್ಲಿ ಬೀಳುತ್ತಿತ್ತು. ಮಾತಿನ ನಡುವೆ ಅವರೇ ಹೇಳಿದರು: ಹದಿನಾರಕ್ಕೆ ಮದುವೆ, ಮದುವೆಯಾದ ಎರಡನೇ ವರ್ಷಕ್ಕೆ ದೊಡ್ಡ ಮಗ. ಆ ಮಗ ಅಲ್ಲೇ ಸೈಕಲ್ ಒರೆಸುತ್ತಿದ್ದ. ಕೇಳಿದ್ದಕ್ಕೆ ನಲವತ್ತೆರಡು ಅಂದ. ಅಲ್ಲಿಗೆ ಅಜ್ಜಿಗೆ ಅರವತ್ತು. ನನ್ನ ತಲೆಯಲ್ಲಿ ಕೂಡಿಸಿ ಮುಗಿದಿತ್ತು. ಆದರೆ ಒಂದು ಗಂಟೆಯ ಬಸ್ಸು ತಪ್ಪಿದರೆ ನಾಲ್ಕಕ್ಕೇ ಇನ್ನೊಂದು, ಹೊಟ್ಟೆ ಬೇರೆ ಚುರುಗುಡುತ್ತಿತ್ತು. ಎಪ್ಪತ್ತೆರಡು ಎಂದು ಬರೆದೆ, ಗೆರೆ ಎಳೆದೆ, ಹೆಬ್ಬೆಟ್ಟು ಒತ್ತಿಸಿಕೊಂಡೆ.

ಮಗ ಸೈಕಲ್ ಹತ್ತಿ ಹೋದ. ಅಜ್ಜಿ ಒಳಗಿಂದ ಮಜ್ಜಿಗೆ ತಂದುಕೊಟ್ಟು, ದನಿ ತಗ್ಗಿಸಿ, ಸೆರಗಿನ ಮೇಲೆ ಎಡಗಡೆ ಕೈ ಇಟ್ಟರು. “ಇಲ್ಲೊಂದು ಗಂಟೈತೆ ಕಣಮ್ಮ. ಹೋದ್ವರ್ಷ ಅಲಸಂದೆ ಕಾಳಷ್ಟಿತ್ತು, ಈಗ ಅವರೆಕಾಳಷ್ಟಾಗೈತೆ. ನೋವೇನಿಲ್ಲ. ಅದ್ಕೂ ಏನಾದ್ರೂ ಕಾಗ್ದ ಐತಾ?”

ಗಂಟಿನ ಪ್ರಶ್ನೆ ನಾಲ್ಕನೇ ಪುಟದಲ್ಲಿತ್ತು. ಅಲ್ಲಿಗೆ ಹೋಗಬೇಕಾದರೆ ವಯಸ್ಸನ್ನು ಹೊಡೆದುಹಾಕಬೇಕು, ಚಿತ್ತಾದ ಫಾರಂ ಕೊಟ್ಟರೆ ಮೇಲ್ವಿಚಾರಕರು ಎಲ್ಲರೆದುರು ಬೈಯುತ್ತಿದ್ದರು. “ಮುಂದಿನ ತಿಂಗಳು ಮುಳಬಾಗಿಲಲ್ಲಿ ಶಿಬಿರ ಇದೆ, ತಪ್ಪದೆ ಹೋಗಿ ಅಜ್ಜಿ, ಡಾಕ್ಟರಮ್ಮ ನೋಡ್ತಾರೆ” ಎಂದೆ. ಅಷ್ಟು ಹೇಳಿದ್ದೇ ದೊಡ್ಡ ಉಪಕಾರ ಎಂದುಕೊಂಡೆ. ಬಸ್ಸು ಸಿಕ್ಕಿತು, ಕೂರಲು ಸೀಟೂ ಸಿಕ್ಕಿತು.

ಶಿಬಿರದ ವಾರ ನನ್ನನ್ನು ಮಾಲೂರಿಗೆ ಹಾಕಿದ್ದರು. ಕೆಲವು ತಿಂಗಳ ನಂತರ ಕೋಲಾರದಲ್ಲಿ ಒಂದು ಸಭೆ ಮಾಡಿ ನಾವು ತಂದ ಮಾಹಿತಿಯನ್ನೆಲ್ಲ ಓದಿದರು. ಎಪ್ಪತ್ತು ದಾಟಿದವರಲ್ಲಿ ಗಂಟಿನ ದೂರು ಕಂಡುಬಂದಿಲ್ಲ ಎಂದೂ ಓದಿದರು. “ಕೇಳ್ದೇ ಇದ್ರೆ ಎಲ್ಲಿಂದ ಬರುತ್ತೇ?” ಎಂದು ಪಕ್ಕದಲ್ಲಿದ್ದ ಗೆಳತಿ ನನ್ನ ಕಿವಿಯಲ್ಲಿ ಅಂದಳು. ನನಗೆ ತಾಯಲೂರಿನ ಅಜ್ಜಿ ನೆನಪಾದರು. ನೆನಪಾದರು ಅಷ್ಟೇ, ಆಮೇಲೆ ಹೋಗಿ ಎಲ್ಲರ ಜೊತೆ ಕೇಸರಿಬಾತು ತಿಂದೆ.

ಎರಡು ವರ್ಷ ಕಳೆದು ಎರಡನೇ ಸುತ್ತು ಬಂತು. ಅದೇ ಮನೆಗಳಿಗೆ ಮತ್ತೆ ಹೋಗಬೇಕು. ಆ ಜಗಲಿಯ ಮೇಲೆ ಈಗ ಸೊಸೆ ಸೊಪ್ಪು ಹೆಚ್ಚುತ್ತಿದ್ದರು. ಮಗ ಬಾಗಿಲಲ್ಲಿ ನಿಂತು ಹೇಳಿದ, “ಅಮ್ಮ ಹೋದ್ವರ್ಷ ತೀರ್ಕೊಂಡ್ರು ಮೇಡಂ. ಎಪ್ಪತ್ಮೂರು ಹಾಕ್ಕೊಳಿ. ವಯಸ್ಸಾಗಿತ್ತು, ಹೋದ್ರು.” ನಾನು ಹಾಗೇ ಬರೆದೆ. ಅವನು ತೋಟದ ಕಡೆ ಹೋದ ಮೇಲೆ ಸೊಸೆ ಮಚ್ಚು ಕೆಳಗಿಟ್ಟರು.

“ಎದೇಲಿ ಗಂಟಾಗಿತ್ತು ಮೇಡಂ. ನೀವು ಹೇಳಿದ್ರಿ ಅಂತ ಶಿಬಿರಕ್ಕೆ ನನ್ನನ್ನೂ ಕರ್ಕೊಂಡು ಹೋದ್ರು. ಲಿಸ್ಟಲ್ಲಿ ಎಪ್ಪತ್ತೆರಡು ಅಂತ ಐತೆ, ನಿಮಗಿಲ್ಲ ಅಂದ್ರು ಅಲ್ಲಿನೋರು. ‘ನಾನು ಸುಳ್ಳು ಹೇಳ್ದೆ ಸ್ವಾಮಿ, ನಂಗಿನ್ನೂ ಅರವತ್ತು’ ಅಂತ ಅತ್ತೆ ಕೈ ಮುಗಿದ್ರು. ‘ಓದ್ದೋರು ಬಂದು ಬರ್ಕೊಂಡು ಹೋಗವ್ರೆ, ಅವ್ರು ತಪ್ಪು ಬರೀತಾರಾ?’ ಅಂದ್ರು. ನಾಚ್ಕೆಯಾಯ್ತು ಅವ್ರಿಗೆ. ಆಮೇಲೆ ಯಾವ ಆಸ್ಪತ್ರೆಗೂ ಬರ್ಲಿಲ್ಲ.”

ಸೊಸೆ ನನ್ನ ಮುಖ ನೋಡಿ, ಸಮಾಧಾನಕ್ಕೆಂಬಂತೆ ಅಂದರು, “ನಿಮ್ಮನ್ನ ಯಾವತ್ತೂ ಬೈಲಿಲ್ಲ ಅವ್ರು. ‘ಆ ಹುಡುಗೀದೇನು ತಪ್ಪು, ನಾನು ಹೇಳಿದ್ದನ್ನ ನಂಬಿ ಬರ್ಕೊಂಡ್ಳು’ ಅನ್ನೋರು.”

ಬೈದಿದ್ದರೆ ಚೆನ್ನಾಗಿತ್ತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಎಪ್ಪತ್ತಮೂರನ್ನು ಹೊಡೆದುಹಾಕಿ ಅರವತ್ತೊಂದು ಎಂದು ಬರೆದೆ. ಸಾವಿನ ಕಾರಣದ ಜಾಗದಲ್ಲಿ ಎದೆಯ ಗಂಟು ಎಂದು ಬರೆದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಅದೇ ಕಥೆ.

ಮಾರನೆಯ ದಿನ ಮೇಲ್ವಿಚಾರಕರು ಎರಡು ಸುತ್ತಿನ ಫಾರಂಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನನ್ನನ್ನು ಕರೆದರು.

“ಏನಮ್ಮ ಇದು ಚಿತ್ತು? ಯಾವ್ದು ಸರಿ?”

“ಈ ಅರವತ್ತೊಂದು ಸಾರ್.”

“ಹೋದ್ಸಲ ನೀನೇ ಎಪ್ಪತ್ತೆರಡು ಬರ್ದಿದೀಯಲ್ಲ. ಅಜ್ಜಿ ಹೇಳಿದ್ದನ್ನ ನಂಬಿಬಿಟ್ಯಾ?”

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಜ್ಜಿಯೇ ನನಗಾಗಿ ಆ ಮಾತು ಹೇಳಿಟ್ಟು ಹೋಗಿದ್ದರು.

“ಇಲ್ಲ ಸಾರ್” ಎಂದೆ. “ಅರವತ್ತು ಅಂತ ಅವತ್ತೇ ಗೊತ್ತಿತ್ತು. ಬಸ್ಸಿಗೆ ಹೊತ್ತಾಗಿತ್ತು, ಅದಕ್ಕೆ ಬರೆದೆ.”