ಒಳಗ ಯಾರದೀರಿ?

ಬಾಗಿಲು ಹಾರುಹೊಡೆದಿದ್ದರೂ ಬೀರಣ್ಣ ಹೊಸ್ತಿಲಾಚೆಯೇ ನಿಂತು ಕೂಗುತ್ತಿದ್ದ: “ಒಳಗ ಯಾರದೀರಿ?” ಒಳಗಿನಿಂದ “ಬಾ” ಅನ್ನುವ ತನಕ ಕಾಲು ಎತ್ತಿಡುವ ಆಸಾಮಿಯಲ್ಲ. ಬೀಳಗಿಯ ನನ್ನ ಫೋಟೊ ಸ್ಟುಡಿಯೋಕ್ಕೂ ಹಾಗೆಯೇ ಬರುತ್ತಿದ್ದ. ನಾನು ಕಣ್ಣೆದುರಿಗೇ ಕೂತಿದ್ದರೂ ಕೂಗಲೇಬೇಕು. ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು.

ಅದು ಅವರ ಮನೆಯ ರೂಢಿ. ಗಲಗಲಿಯ ಕೆಳಗೆ ಹೊಳೆದಂಡೆಯ ಊರು, ಕುರಿ ಕಾಯುವ ಮನೆತನ. ತಿಂಗಳುಗಟ್ಟಲೆ ಕುರಿ ಹಿಂದೆ ಹೋದವರು ಮರಳಿ ಬಂದಾಗ ಹೊರಗಿನಿಂದಲೇ ಹೀಗೆ ಕೂಗುತ್ತಿದ್ದರಂತೆ. ಅವನ ಅವ್ವ ಮಾತ್ರ ಅಡುಗೆಮನೆಯಿಂದ, “ಯಾರೂ ಇಲ್ಲ, ಬಾ” ಅಂತ ಚೇಷ್ಟೆ ಮಾಡುತ್ತಿದ್ದಳಂತೆ. ಇದನ್ನು ಹೇಳುವಾಗಲೆಲ್ಲ ಬೀರಣ್ಣ ನಗುತ್ತಿದ್ದ. ಆ ನಗು ಅರ್ಧಕ್ಕೇ ನಿಲ್ಲುತ್ತಿತ್ತು.

ಅವನೂ ಅಲೆದವನೇ, ಆದರೆ ಎರಡೂ ಧ್ರುವಗಳಿಗೆ. ಹಿಮದ ಸಾಕ್ಷ್ಯಚಿತ್ರ ತೆಗೆಯುವುದೇ ಅವನ ಉದ್ಯೋಗ. ಅಪ್ಪನ ಕರಿ ಕಂಬಳಿ ಹೊದ್ದು ತೆಗೆದ ಚಿತ್ರಗಳನ್ನು ನನ್ನ ಟಿ.ವಿ.ಗೆ ಹಾಕಿ ತೋರಿಸುತ್ತಿದ್ದ. ದಕ್ಷಿಣ ಧ್ರುವ ಹುಡುಕಿ ಹೋದ ಹಿಂದಿನ ಕಾಲದ ಯಾರೋ ಬಿಟ್ಟುಹೋದ ಕಟ್ಟಿಗೆಯ ಗುಡಿಸಲು. ಮೇಜಿನ ಮೇಲೆ ಬಟ್ಟಲು, ಗೂಟಕ್ಕೆ ಕೋಟು. ಅಲ್ಲಿಯೂ ಬಾಗಿಲಲ್ಲಿ ನಿಂತು ಕೂಗುತ್ತಾನೆ, ಕಾಯುತ್ತಾನೆ, ಹೊರಗಿನಿಂದಲೇ ಚಿತ್ರ ತೆಗೆದು ಬರುತ್ತಾನೆ.

“ಒಳಗ ಹೋಗಿದ್ರ ಛಲೋ ಬರ್ತಿತ್ತಲ್ಲ ಅಣ್ಣಾ” ಅಂದರೆ, “ಲೇ, ಯಾರೂ ಓ ಅನಲಿಲ್ಲ. ಹೆಂಗ ಹೋಗ್ಲಿ?” ಅನ್ನುತ್ತಿದ್ದ.

ಆಲಮಟ್ಟಿಯ ಹಿನ್ನೀರು ಊರಿಗೆ ಬಂದಾಗ ಅವನು ಹಿಮದಲ್ಲಿದ್ದ. ತಿರುಗಿ ಬರುವಷ್ಟರಲ್ಲಿ ಮನೆ ನೀರೊಳಗೆ. ಅವ್ವ ಅದಕ್ಕೂ ಮೊದಲೇ ತೀರಿದ್ದಳು. ಊರವರೆಲ್ಲ ತಮ್ಮ ತಮ್ಮ ಹೊಸ್ತಿಲಿಗೆ ಕುಂಕುಮ ಹಚ್ಚಿ, ಕೈಮುಗಿದು ಬಂದಿದ್ದರು. ಅವನ ಮನೆಗೆ ಅಷ್ಟು ಮಾಡುವವರೂ ಇರಲಿಲ್ಲ. ಆ ಮನೆಯದೊಂದು ಫೋಟೊ ಕೂಡ ಅವನಲ್ಲಿ ಇರಲಿಲ್ಲ.

“ಬರ್ಫ ಕರಗಿ ಹೋಗತೈತಿ ಅಂತ ಓಡಿ ಓಡಿ ತಗದೆ. ಮನಿ ಎಲ್ಲಿ ಹೋಗತೈತಿ ಅಂತ ಬಿಟ್ಟೆ” ಅಂದ ಒಮ್ಮೆ.

ಒಂದು ಬೇಸಿಗೆ ನೀರು ಇಳಿದು ಊರಿನ ಮೊಂಡುಗೋಡೆಗಳು ಕಂಡವು. ಇಬ್ಬರೂ ಹೋದೆವು. ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಅವನ ಮನೆಯ ಕಲ್ಲಿನ ಹೊಸ್ತಿಲು ಮಾತ್ರ ಇದ್ದಲ್ಲೇ ಇತ್ತು. ಈಗಲಾದರೂ ಮನೆಯದೊಂದು ಚಿತ್ರ ತೆಗೆದುಕೊಳ್ಳಬೇಕೆಂದು ಕ್ಯಾಮೆರಾ ಚಾಲೂ ಮಾಡಿ ಕೂಗಿದ. ಗಾಳಿ ಬೀಸುತ್ತಿತ್ತು. ಅವನ ಮುಖ ನೋಡಲಾರದೆ ನಾನೇ “ಬಾ ಅಣ್ಣಾ” ಅಂದುಬಿಟ್ಟೆ.

“ನೀ ಅಂದ್ರ ಆಗೂದಿಲ್ಲೋ ತಮ್ಮಾ. ಮನಿಯವ್ರು ಅನಬೇಕು.”

ಕ್ಯಾಮೆರಾ ಬಂದ್ ಮಾಡಿ ಹೊರಟೇಬಿಟ್ಟ. ಹೊಸ್ತಿಲು ದಾಟಲೇ ಇಲ್ಲ.

ಅದೇ ವರ್ಷ ದಕ್ಷಿಣ ಧ್ರುವದ ಕಡೆ ಹೋದವನು ಅಲ್ಲೇ ಎದೆನೋವಿನಿಂದ ತೀರಿಕೊಂಡ. ಅವನು ಕೊನೆಗೆ ತೆಗೆದ ಚಿತ್ರವನ್ನು ಜೊತೆಯವರು ನನಗೆ ಕಳಿಸಿದರು. ಅದೇ ಗುಡಿಸಲು. ಕ್ಯಾಮೆರಾ ಹೊರಗೆ ಸ್ಟ್ಯಾಂಡಿನ ಮೇಲಿದೆ; ಕಂಬಳಿ ಹೊದ್ದ ಬೀರಣ್ಣ ಬಾಗಿಲಲ್ಲಿದ್ದಾನೆ. “ಒಳಗ ಯಾರದೀರಿ?” ಅನ್ನುತ್ತಾನೆ. ಸದ್ದು ಎಷ್ಟು ಏರಿಸಿದರೂ ನನಗೆ ಕೇಳುವುದು ಗಾಳಿಯೊಂದೇ. ಅವನು ಮಾತ್ರ ತಲೆ ಓರೆ ಮಾಡಿ ಆಲಿಸುತ್ತಾನೆ. ಆಮೇಲೆ ಜೋರಾಗಿ ನಗುತ್ತಾನೆ. ಆ ನಗು ಅರ್ಧಕ್ಕೆ ನಿಲ್ಲುವುದಿಲ್ಲ.

“ಯಾರೂ ಇಲ್ಲೇನ ಬೇ ಅವ್ವಾ? ತಡಿ, ಬಂದೆ” ಅಂದು ಹೊಸ್ತಿಲು ದಾಟುತ್ತಾನೆ.